ಕಪ್ಪು-ಬಿಳುಪಿನಲ್ಲಿ ಕಂಡ ಸೀರೆಗೆ ಬಣ್ಣ ಕೊಟ್ಟವರು

ಮಿನುಗುತಾರೆ ಕಲ್ಪನಾ ಅವರ ಉಡುಗೆಯನ್ನು ಕುರಿತು ಚಿತ್ರದುರ್ಗದಲ್ಲಿ ಕಲಾಪ್ರದರ್ಶನವೊಂದನ್ನು ಮಾಡಬೇಕೆಂದು ಹೊರಟಾಗ ನಾನು ಮೊದಲು ಬರೆದದ್ದು ಅವರ ಭಾವಚಿತ್ರಗಳನ್ನು. ಆರು ಚಿತ್ರ ಮುಗಿಸಿ ನೋಡಿದರೆ, ಯಾವುದರಲ್ಲಿಯೂ ಕಣ್ಣು ಮುಖವನ್ನು ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಸೆರಗಾಗಲಿ ಕೈತುಂಬ ತೊಟ್ಟ ಬಳೆಯಾಗಲಿ ಗಮನಕ್ಕೆ ಬರುತ್ತಲೇ ಇರಲಿಲ್ಲ. ಆರನ್ನೂ ಬದಿಗಿಟ್ಟೆ.

ದಾರಿ ತೋರಿದವರು ನನ್ನ ದೊಡ್ಡಮ್ಮ. ಟ್ರಂಕಿನಿಂದ ಮೊಳಕಾಲ್ಮೂರು ರೇಷ್ಮೆ ಸೀರೆಯೊಂದನ್ನು ತೆಗೆದು, ಅದು 'ಗೆಜ್ಜೆಪೂಜೆ' ನೋಡಿದ ಮೇಲೆ ನೇಯಿಸಿದ್ದೆಂದರು. 1969ರ ಆ ಚಿತ್ರವಾಗಲಿ 1967ರ 'ಬೆಳ್ಳಿಮೋಡ'ವಾಗಲಿ ಕಪ್ಪು-ಬಿಳುಪಿನವು. ಹಾಗಾದರೆ ಬಣ್ಣ ಹೇಗೆ ತಿಳಿಯಿತೆಂದು ಕೇಳಿದೆ. "ಪಿಕ್ಚರ್‌ನಾಗೆ ಬಣ್ಣ ಎಲ್ಲಿತ್ತವ್ವ? ಅಂಚು ಎಷ್ಟಗಲ ಐತೆ, ಸೆರಗು ಹೆಂಗೆ ಹೊದ್ದವ್ಳೆ ಅಂತ ನೋಡ್ಕಂಡು ಬಂದ್ವಿ. ಬಣ್ಣ ನಾವೇ ಹೇಳಿದ್ವಿ" ಎಂದರು. ನಟಿಯನ್ನು ಅನುಕರಿಸಿದರೆಂದು ನಾವು ಸುಲಭವಾಗಿ ಹೇಳಿಬಿಡುವ ಹೆಂಗಸರು ಅರ್ಧ ವಿನ್ಯಾಸವನ್ನು ತಾವೇ ಮಾಡಿದ್ದರು ಎಂಬುದು ನನಗೆ ಆಗ ಹೊಳೆಯಿತು. ಪ್ರದರ್ಶನದ ವಸ್ತುವೂ ಅದೇ ಆಯಿತು.

ಪರಿಚಿತರ ಮನೆಗಳಿಂದ ಹನ್ನೊಂದು ಸೀರೆ, ಒಂಬತ್ತು ರವಿಕೆ ಎರವಲು ಬಂದವು. ಪ್ರತಿ ಸೀರೆಯ ಪಕ್ಕದಲ್ಲಿ, ಆ ಮನೆಯವರು ನೆನಪಿನಿಂದ ಹೇಳಿದ ಉಡುವ ರೀತಿಯನ್ನು ಮುಖವಿಲ್ಲದೆ, ಇದ್ದಿಲಿನಲ್ಲಿ ಮಾತ್ರ ಬರೆದೆ. ಇದ್ದಿಲಿನ ಪುಡಿ ರೇಷ್ಮೆಗೆ ತಾಗದಂತೆ ಆ ಚಿತ್ರಗಳಿಗೆ ಗಾಜು ಹಾಕಿಸಿದೆ. ರವಿಕೆಗಳನ್ನು ಒಳಮೈ ಹೊರಗಾಗಿಸಿ ಇಟ್ಟದ್ದು ಬೇಕೆಂದೇ. ತೋಳಿನ ಉದ್ದ ಮನಸ್ಸಿಗೆ ಬರುವವರೆಗೆ ಬಿಚ್ಚಿ ಬಿಚ್ಚಿ ಹೊಲಿಸಿದ ರವಿಕೆಯೊಂದರಲ್ಲಿ ಸೂಜಿಯ ತೂತುಗಳು ಮೂರು ಸಾಲಾಗಿ ಉಳಿದಿದ್ದವು. ಅವನ್ನು ಹತ್ತು ಪಟ್ಟು ಹಿಗ್ಗಿಸಿ ದಪ್ಪ ಕಾಗದದ ಮೇಲೆ ಚುಚ್ಚಿ, ಹಿಂದಿನಿಂದ ಬೆಳಕು ಬಿಟ್ಟೆ. ಇಡೀ ಪ್ರದರ್ಶನದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೃತಿ ಅದು.

ಸೀರೆಗಳನ್ನು ತೂಗುಹಾಕುವಲ್ಲಿ ದೊಡ್ಡ ತಪ್ಪಾಯಿತು. ದೊಡ್ಡಮ್ಮನ ಸೀರೆಯನ್ನು ಸೆರಗಿನ ತುದಿಯಿಂದ ತಂತಿಗೆ ಸಿಕ್ಕಿಸಿದ್ದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯಲ್ಲಿಯೇ ಜೀರ್ಣವಾಗಿರುತ್ತದೆ. ಜರಿಯ ಭಾರಕ್ಕೆ ರಾತ್ರಿ ಬೆಳಗಾಗುವುದರೊಳಗೆ ಒಂದು ಗೇಣು ಸೀಳಿತ್ತು. ಆಮೇಲೆ ಎಲ್ಲ ಸೀರೆಗಳನ್ನೂ ಹತ್ತಿಬಟ್ಟೆ ಸುತ್ತಿದ ಕೊಳವೆಗಳಿಗೆ ಸುತ್ತಿ, ಸೆರಗನ್ನಷ್ಟೇ ಇಳಿಜಾರಾದ ಹಲಗೆಯ ಮೇಲೆ ಹಾಸಿದೆ. ರೇಷ್ಮೆಯ ಬಣ್ಣ ಬೆಳಕಿಗೆ ಮಾಸುವುದರಿಂದ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗಳಿಗೆ ಪಾಲಿಸುವ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮಿತಿಗೆ ದೀಪಗಳನ್ನು ತಗ್ಗಿಸಿ, ಕಿಟಕಿಗಳಿಗೆ ದಪ್ಪ ಪರದೆ ಕಟ್ಟಿದೆ. ಕಪ್ಪಾದ ಜರಿಯನ್ನು ಉಜ್ಜಲು ಹೋಗಲಿಲ್ಲ.

ಪ್ರದರ್ಶನ ಮುಗಿದ ಮೇಲೆ, ತೊಳೆದು ಗಂಜಿ ತೆಗೆದ ಕೋರಾ ಬಟ್ಟೆಯನ್ನು ಸೀಳಿನ ಹಿಂದೆ ಕೊಟ್ಟು, ಎಳೆಗಳ ನಡುವಿನ ಸಂದಿಯಲ್ಲಿ ಸೂಜಿ ಹಾಯುವಂತೆ ಸಣ್ಣ ರೇಷ್ಮೆ ದಾರದಿಂದ ಹೊಲಿದೆ. ದೊಡ್ಡಮ್ಮ ಅದರ ಮೇಲೆ ಬೆರಳಾಡಿಸಿ ನೋಡಿದರು. ಈಗ ಆ ಸೀರೆ ಅವರ ಮನೆಯಲ್ಲಿ ಮಡಿಕೆಯಿಲ್ಲದೆ, ಕೊಳವೆಗೆ ಸುತ್ತಿಕೊಂಡೇ ಇದೆ.