ಸರ್ಕಾರದ ಖರ್ಚು ಜಿಡಿಪಿಯಲ್ಲಿ ಶೇಕಡಾ ಎಷ್ಟು? ನೀವೇ ಲೆಕ್ಕ ಹಾಕುವುದು ಹೀಗೆ

ಬಜೆಟ್ ಮಂಡನೆಯಾದ ಸಂಜೆ ಭಾರತ ಸರ್ಕಾರದ ಖರ್ಚು ಜಿಡಿಪಿಯ (ದೇಶದಲ್ಲಿ ಒಂದು ವರ್ಷ ತಯಾರಾದ ಸರಕು–ಸೇವೆಗಳ ಒಟ್ಟು ಮೌಲ್ಯದ) ಶೇ 14 ಅಂತ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಶೇ 28 ಅಂತಾರೆ. ಮತ್ತೊಬ್ಬರು ಶೇ 25 ಅಂತ ಬಣ್ಣದ ಚಾರ್ಟ್ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಇದರಲ್ಲಿ ಮೊದಲ ಎರಡೂ ಸರಿ, ಮೂರನೆಯದು ತಪ್ಪು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಉತ್ತರಗಳಲ್ಲಿ, ಸಭೆಗಳ ಭಾಷಣಗಳಲ್ಲಿ ಈ ಲೆಕ್ಕ ದಾರಿ ತಪ್ಪುವುದನ್ನು ಬಹಳ ಸಲ ನೋಡಿದ್ದೇನೆ. ಭಾಗಾಕಾರ ಯಾರಿಗೂ ತಪ್ಪುವುದಿಲ್ಲ. ಮೇಲೆ ಯಾವ ಅಂಕಿ ಇಡಬೇಕು, ಕೆಳಗೆ ಯಾವ ಅಂಕಿ ಇಡಬೇಕು ಅನ್ನುವಲ್ಲೇ ಎಲ್ಲ ಎಡವಟ್ಟು ಆಗುವುದು.

ಮೊದಲ ಹೆಜ್ಜೆ: ಯಾವ ಸರ್ಕಾರ?

ಕೇಂದ್ರವೋ, ರಾಜ್ಯವೋ, ಎರಡೂ ಸೇರಿಯೋ? ಹಾಳೆಯ ಮೇಲ್ಭಾಗದಲ್ಲಿ ಇದನ್ನು ಬರೆದುಕೊಳ್ಳಿ. ಇದನ್ನು ಬರೆಯದೆ ಮುಂದೆ ಹೋಗಬೇಡಿ.

ಎರಡನೇ ಹೆಜ್ಜೆ: ಮೂಲ ಕಾಗದ ತೆಗೆಯಿರಿ

ಕೇಂದ್ರದ ಲೆಕ್ಕಕ್ಕೆ ‘ಬಜೆಟ್ ಅಟ್ ಎ ಗ್ಲಾನ್ಸ್’ ಸಾಕು. ಹಣಕಾಸು ಸಚಿವಾಲಯದ ಬಜೆಟ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಟ್ಟು ಖರ್ಚು ಮೊದಲ ಕೋಷ್ಟಕದಲ್ಲೇ ಇದೆ. ಅದರ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ಆ ವರ್ಷಕ್ಕೆ ಅಂದಾಜು ಮಾಡಿದ ಜಿಡಿಪಿಯೂ ಇರುತ್ತದೆ. ಯಾರೂ ಓದದ ಆ ಟಿಪ್ಪಣಿಯೇ ನಮಗೆ ಬೇಕಾದದ್ದು.

2025–26ರ ಬಜೆಟ್ ನೋಡೋಣ. ಒಟ್ಟು ಖರ್ಚು 50,65,345 ಕೋಟಿ ರೂಪಾಯಿ. ಜಿಡಿಪಿ ಅಂದಾಜು 3,56,97,923 ಕೋಟಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 14.19. ಕೇಂದ್ರದ ಲೆಕ್ಕ ಮುಗಿಯಿತು.

ಒಂದು ಕಿವಿಮಾತು. ಎರಡೂ ಅಂಕಿ ಕೋಟಿಯಲ್ಲೇ ಇರಲಿ. ಒಂದು ಕೋಟಿಯಲ್ಲಿ, ಇನ್ನೊಂದು ‘ಟ್ರಿಲಿಯನ್’ನಲ್ಲಿ ಇದ್ದರೆ ಸೊನ್ನೆ ಜಾರಿಹೋಗುತ್ತದೆ. ಹಾಗೆಯೇ ಅಂಕಿ ಹುಡುಕಲು ‘ಒಂದೇ ಕ್ಲಿಕ್‌ನಲ್ಲಿ ಎಲ್ಲ ದೇಶಗಳ ಆರ್ಥಿಕ ಮಾಹಿತಿ’ ಅನ್ನುವ ಜಾಲತಾಣಗಳಿಗೆ ಹೋಗಬೇಡಿ. ಅವುಗಳಲ್ಲಿ ಹಲವು ಒಂದು ದೇಶಕ್ಕೆ ಕೇಂದ್ರದ ಖರ್ಚು ಹಾಕಿ, ಪಕ್ಕದ ದೇಶಕ್ಕೆ ಎಲ್ಲ ಹಂತದ ಸರ್ಕಾರಗಳ ಖರ್ಚು ಹಾಕಿರುತ್ತವೆ. ಯಾವುದು ಎಲ್ಲಿಂದ ಬಂತು ಅಂತಲೂ ತಿಳಿಸುವುದಿಲ್ಲ. ಕಾಣಲು ಚೆಂದ, ಕೆಲಸಕ್ಕೆ ಬರುವುದಿಲ್ಲ.

ಮೂರನೇ ಹೆಜ್ಜೆ: ಕೆಳಗಿನ ಅಂಕಿ

ಜಿಡಿಪಿ ಅಂತ ಹುಡುಕಿದರೆ ಒಂದೇ ವರ್ಷಕ್ಕೆ ಹಲವು ಅಂಕಿ ಸಿಗುತ್ತವೆ. 2023–24ನ್ನೇ ತೆಗೆದುಕೊಳ್ಳಿ. ಆ ವರ್ಷ ಕೇಂದ್ರ ನಿಜವಾಗಿ ಮಾಡಿದ ಖರ್ಚು 44.43 ಲಕ್ಷ ಕೋಟಿ. 2024ರ ಮೇ ಕೊನೆಯಲ್ಲಿ ಬಂದ ತಾತ್ಕಾಲಿಕ ಅಂದಾಜಿನ ಪ್ರಕಾರ ಜಿಡಿಪಿ ಪ್ರಚಲಿತ ಬೆಲೆಯಲ್ಲಿ, ಅಂದರೆ ಅದೇ ವರ್ಷದ ಬೆಲೆಯಲ್ಲಿ, 295.36 ಲಕ್ಷ ಕೋಟಿ, 2011–12ರ ಸ್ಥಿರ ಬೆಲೆಯಲ್ಲಿ 173.82 ಲಕ್ಷ ಕೋಟಿ.

ಪ್ರಚಲಿತ ಬೆಲೆಯ ಅಂಕಿಯಿಂದ ಭಾಗಿಸಿದರೆ ಶೇ 15.04 ಬರುತ್ತದೆ. ಸ್ಥಿರ ಬೆಲೆಯದರಿಂದ ಭಾಗಿಸಿದರೆ ಶೇ 25.6. ವಾಟ್ಸ್‌ಆ್ಯಪ್ ಚಾರ್ಟ್‌ನ ಆ ‘25’ ಬರುವುದು ಇಲ್ಲಿಂದ. ಸರ್ಕಾರ ಖರ್ಚು ಮಾಡಿದ್ದು 2023–24ರ ರೂಪಾಯಿಯಲ್ಲಿ. ಅದನ್ನು 2011–12ರ ಬೆಲೆಗೆ ಇಳಿಸಿದ ಜಿಡಿಪಿಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ. ಸ್ಥಿರ ಬೆಲೆಯ ಜಿಡಿಪಿ ಬೇಕಾಗುವುದು ಬೆಳವಣಿಗೆ ದರ ನೋಡಲು. ಪತ್ರಿಕೆಗಳ ಮುಖಪುಟದಲ್ಲಿ ಆ ದರವೇ ಬರುವುದರಿಂದ ಜನರ ಕೈಗೆ ಮೊದಲು ಸಿಗುವುದೂ ಆ ಅಂಕಿಯೇ. ಪಾಲು ಲೆಕ್ಕ ಹಾಕುವಾಗ ಯಾವಾಗಲೂ ಪ್ರಚಲಿತ ಬೆಲೆಯದನ್ನೇ ಹಿಡಿಯಿರಿ. ಇದರಲ್ಲಿ ರಿಯಾಯಿತಿ ಇಲ್ಲ.

ಜಿವಿಎ (ಒಟ್ಟು ಮೌಲ್ಯವರ್ಧನೆ) ಅನ್ನುವ ಇನ್ನೊಂದು ಅಂಕಿಯೂ ಎದುರಾಗುತ್ತದೆ. ಅದಕ್ಕೆ ಉತ್ಪನ್ನಗಳ ಮೇಲಿನ ತೆರಿಗೆ ಸೇರಿಸಿ, ಸಬ್ಸಿಡಿ ಕಳೆದರೆ ಜಿಡಿಪಿ. ಜಿವಿಎ ಚಿಕ್ಕದು, ಅದರಿಂದ ಭಾಗಿಸಿದರೆ ಪಾಲು ಸುಮ್ನೆ ಉಬ್ಬುತ್ತದೆ.

ಇನ್ನು ಪರಿಷ್ಕರಣೆಯ ವಿಷಯ. 2025ರ ಫೆಬ್ರುವರಿಯಲ್ಲಿ ಅದೇ 2023–24ರ ಜಿಡಿಪಿಯನ್ನು 301.23 ಲಕ್ಷ ಕೋಟಿಗೆ ಏರಿಸಿದರು. ಖರ್ಚು ಒಂದು ರೂಪಾಯಿ ಬದಲಾಗಲಿಲ್ಲ, ಆದರೆ ಪಾಲು ಶೇ 15.04ರಿಂದ 14.75ಕ್ಕೆ ಇಳಿಯಿತು. ಇದನ್ನು ಗಮನಿಸದವರು ಹಳೇ ಜಿಡಿಪಿಯ ಒಂದು ವರ್ಷವನ್ನೂ ಹೊಸ ಜಿಡಿಪಿಯ ಇನ್ನೊಂದು ವರ್ಷವನ್ನೂ ಅಕ್ಕಪಕ್ಕ ಇಟ್ಟು, ‘ಸರ್ಕಾರ ಕೈ ಬಿಗಿ ಮಾಡಿದೆ’ ಅಂತ ಬರೆಯುತ್ತಾರೆ. ಎರಡು ವರ್ಷ ಹೋಲಿಸುವಾಗ ಎರಡಕ್ಕೂ ಒಂದೇ ದಿನ ಪ್ರಕಟವಾದ ಕೋಷ್ಟಕದಿಂದಲೇ ಜಿಡಿಪಿ ತೆಗೆದುಕೊಳ್ಳಿ.

ನಾಲ್ಕನೇ ಹೆಜ್ಜೆ: ಮೇಲಿನ ಅಂಕಿ

ಇದು ನಿಧಾನವಾಗಿ ಮಾಡಬೇಕಾದ ಕೆಲಸ.

ಕರ್ನಾಟಕದ 2025–26ರ ಬಜೆಟ್‌ನಿಂದ ಶುರು ಮಾಡೋಣ. ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಮಾರ್ಚ್ 7ರಂದು ಮಂಡಿಸಿದ ಬಜೆಟ್‌ನ ಗಾತ್ರ 4,09,549 ಕೋಟಿ. ರಾಜ್ಯದ ಜಿಡಿಪಿ, ಅಂದರೆ ಜಿಎಸ್‌ಡಿಪಿ, ಸುಮಾರು 30.70 ಲಕ್ಷ ಕೋಟಿ. ಭಾಗಿಸಿದರೆ ಶೇ 13.3. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಆ ಗಾತ್ರದ ಒಳಗೆ ಏನೇನಿದೆ ನೋಡಿ. ರಾಜಸ್ವ ವೆಚ್ಚ (ಸಂಬಳ, ಪಿಂಚಣಿ, ಬಡ್ಡಿಯಂಥ ನಿತ್ಯದ ಖರ್ಚು) 3,11,739 ಕೋಟಿ. ಬಂಡವಾಳ ವೆಚ್ಚ (ರಸ್ತೆ, ಕಟ್ಟಡದಂಥ ಆಸ್ತಿಗೆ ಮಾಡುವ ಖರ್ಚು) 71,336 ಕೋಟಿ. ಸಾಲ ಮರುಪಾವತಿ 26,474 ಕೋಟಿ. ಮೂರನೆಯದು ಹಳೇ ಸಾಲದ ಅಸಲು ತೀರಿಸುವ ಹಣ. ಅದರಿಂದ ರಸ್ತೆ ಆಗುವುದಿಲ್ಲ, ಸಂಬಳ ಹೋಗುವುದಿಲ್ಲ, ಪಿಂಚಣಿಯೂ ಸಿಗುವುದಿಲ್ಲ. ಆ ಸಾಲ ತಂದು ಖರ್ಚು ಮಾಡಿದ ವರ್ಷವೇ ಅದು ಖರ್ಚಿನ ಲೆಕ್ಕಕ್ಕೆ ಬಂದಾಗಿದೆ. ಅಸಲನ್ನೂ ಸೇರಿಸಿದರೆ ಒಂದೇ ಹಣವನ್ನು ಎರಡು ಸಲ ಎಣಿಸಿದ ಹಾಗೆ. ಅದನ್ನು ತೆಗೆದರೆ ಖರ್ಚು 3,83,075 ಕೋಟಿ, ಪಾಲು ಶೇ 12.5. ಬಡ್ಡಿಯನ್ನು ಮಾತ್ರ ತೆಗೆಯಬೇಡಿ. ಬಡ್ಡಿ ಈ ವರ್ಷದ ಖರ್ಚೇ, ಅದು ರಾಜಸ್ವ ವೆಚ್ಚದಲ್ಲಿ ಸೇರಿಯೇ ಇರುತ್ತದೆ.

ಕೇಂದ್ರದ 50.65 ಲಕ್ಷ ಕೋಟಿಯಲ್ಲಿ ಅಸಲು ಮರುಪಾವತಿ ಸೇರಿಲ್ಲ. ರಾಜ್ಯದ ‘ಬಜೆಟ್ ಗಾತ್ರ’ದಲ್ಲಿ ಸೇರಿದೆ. ಆದ್ದರಿಂದ ಕೇಂದ್ರದ 14.19ನ್ನೂ ರಾಜ್ಯದ 13.3ನ್ನೂ ಪಕ್ಕಪಕ್ಕ ಇಡುವುದು ತಪ್ಪು. ನನ್ನ ಸಲಹೆ ಖಡಾಖಂಡಿತ: ರಾಜ್ಯದ ಲೆಕ್ಕದಲ್ಲಿ ಬಜೆಟ್ ಗಾತ್ರವನ್ನು ಬಳಸಲೇಬೇಡಿ. ರಾಜಸ್ವ ವೆಚ್ಚ ಮತ್ತು ಬಂಡವಾಳ ವೆಚ್ಚ ಕೂಡಿಸಿ, ಅದನ್ನೇ ಹಿಡಿಯಿರಿ.

ಈಗ ಕೇಂದ್ರ ಮತ್ತು ರಾಜ್ಯಗಳನ್ನು ಕೂಡಿಸುವ ಸರದಿ. ಕೇಂದ್ರದ ಒಟ್ಟು ಖರ್ಚಿಗೆ ಎಲ್ಲ ರಾಜ್ಯಗಳ ಒಟ್ಟು ಖರ್ಚು ಸೇರಿಸಿ ಭಾಗಿಸಿದರೆ ಆಯ್ತು ಅಲ್ವಾ? ಆಗಲಿಲ್ಲ. ಅಪ್ಪ ಮಗಳಿಗೆ ಹಾಸ್ಟೆಲ್ ಫೀಸಿಗೆಂದು ಹಣ ಕೊಟ್ಟು ತನ್ನ ಪುಸ್ತಕದಲ್ಲಿ ಖರ್ಚು ಅಂತ ಬರೆದ. ಮಗಳು ಫೀಸ್ ಕಟ್ಟಿ ತನ್ನ ಪುಸ್ತಕದಲ್ಲೂ ಖರ್ಚು ಅಂತ ಬರೆದಳು. ಎರಡೂ ಪುಸ್ತಕ ಕೂಡಿಸಿದರೆ ಮನೆಯ ಖರ್ಚು ದುಪ್ಪಟ್ಟು ಕಾಣುತ್ತದೆ. ಕೇಂದ್ರ ರಾಜ್ಯಗಳಿಗೆ ಕೊಡುವ ಅನುದಾನದಲ್ಲಿ ಆಗುವುದು ಇದೇ.

ಹಾಗಾದರೆ ಕೇಂದ್ರದಿಂದ ರಾಜ್ಯಗಳಿಗೆ ಹೋಗುವ ಎಲ್ಲ ಹಣವನ್ನೂ ಕಳೆದುಬಿಡೋಣ ಅಂತ ಹೊರಡುವವರಿದ್ದಾರೆ. ಸ್ವಲ್ಪ ಓದಿಕೊಂಡವರೂ ಜಾರುವುದು ಇಲ್ಲೇ. 2025–26ರಲ್ಲಿ ರಾಜ್ಯಗಳಿಗೆ ಹೋಗಬೇಕಾದ ಒಟ್ಟು ಹಣ ಸುಮಾರು 25.01 ಲಕ್ಷ ಕೋಟಿ. ಅದರಲ್ಲಿ 14.22 ಲಕ್ಷ ಕೋಟಿ ತೆರಿಗೆ ಹಂಚಿಕೆ. ಉಳಿದ ಸುಮಾರು 10.8 ಲಕ್ಷ ಕೋಟಿ ಅನುದಾನ, ಸಾಲ ಮತ್ತು ಕೇಂದ್ರ ಪುರಸ್ಕೃತ ಯೋಜನೆಗಳ ಹಣ.

ತೆರಿಗೆ ಹಂಚಿಕೆಯ ಹಣ ಕೇಂದ್ರದ ಖರ್ಚಿನ ಪಟ್ಟಿಯಲ್ಲಿ ಬರುವುದೇ ಇಲ್ಲ. ಅದು ಸಂವಿಧಾನದ ಪ್ರಕಾರ ರಾಜ್ಯಗಳ ಪಾಲು. ಕೇಂದ್ರ ತನ್ನ ತೆರಿಗೆ ಆದಾಯ ತೋರಿಸುವಾಗಲೇ ಅದನ್ನು ಕಳೆದು, ಉಳಿದದ್ದನ್ನು ಮಾತ್ರ ತನ್ನದು ಅಂತ ತೋರಿಸುತ್ತದೆ. ಅಂದರೆ ಆ 14.22 ಲಕ್ಷ ಕೋಟಿ ರಾಜ್ಯಗಳ ಖರ್ಚಿನಲ್ಲಿ ಮಾತ್ರ ಕಾಣುತ್ತದೆ, ಎರಡು ಸಲ ಎಣಿಕೆಯಾಗುವುದಿಲ್ಲ. ಅದನ್ನು ಕಳೆಯಬಾರದು. ಎರಡೂ ಕಡೆ ಬರುವುದು ಆ 10.8 ಲಕ್ಷ ಕೋಟಿಯ ಆಸುಪಾಸಿನ ಹಣ. ಅದನ್ನಷ್ಟೇ ಕಳೆಯಬೇಕು. 25 ಲಕ್ಷ ಕೋಟಿಯನ್ನೂ ಕಳೆದರೆ ಜಿಡಿಪಿಯ ಸುಮಾರು ಶೇ 4ರಷ್ಟು ಖರ್ಚು ಮಾಯವಾಗುತ್ತದೆ. ಇದು ಚಿಕ್ಕ ತಪ್ಪಲ್ಲ. ಶಾಲೆ, ಆಸ್ಪತ್ರೆ, ಪೊಲೀಸ್, ನೀರಾವರಿ ಹೆಚ್ಚಾಗಿ ನಡೆಯುವುದು ರಾಜ್ಯಗಳ ಕೈಯಲ್ಲಿ, ಅದಕ್ಕೆ ಸಲ್ಲುವ ಹಣವೇ ಲೆಕ್ಕದಿಂದ ಹೊರಗೆ ಹೋದ ಹಾಗೆ.

ಇಷ್ಟೆಲ್ಲ ಕೈಯಾರೆ ಮಾಡಲು ಸಮಯ ಇಲ್ಲದವರಿಗೆ ನಂಬಬಹುದಾದ ಒಂದು ಅಡ್ಡದಾರಿ ಇದೆ. ರಿಸರ್ವ್ ಬ್ಯಾಂಕಿನ ವಾರ್ಷಿಕ ಅಂಕಿಅಂಶ ಕೈಪಿಡಿ ಮತ್ತು ಕೇಂದ್ರದ ಆರ್ಥಿಕ ಸಮೀಕ್ಷೆ ಕೇಂದ್ರ–ರಾಜ್ಯಗಳ ಕೂಡಿಸಿದ ಲೆಕ್ಕವನ್ನು ಹೀಗೆ ಸೋಸಿಯೇ ಕೊಡುತ್ತವೆ. ಇತ್ತೀಚಿನ ವರ್ಷಗಳಲ್ಲಿ ಆ ಪಾಲು ಶೇ 28ರಿಂದ 30ರ ಆಸುಪಾಸಿನಲ್ಲಿದೆ. ಮೊದಲಿಗೆ ಹೇಳಿದ ‘28’ ಇದೇ.

ಪುಸ್ತಕದ ಹೊರಗಿನ ಖರ್ಚು

ಬಜೆಟ್ ಕಾಗದದಲ್ಲಿ ಕಾಣದ ಖರ್ಚೂ ಇರುತ್ತದೆ. ಸರ್ಕಾರದ ಪರವಾಗಿ ನಿಗಮವೊಂದು ಸಾಲ ಮಾಡುತ್ತದೆ, ಕೊನೆಗೆ ತೀರಿಸುವುದು ಖಜಾನೆ. ಇದಕ್ಕೆ ಒಳ್ಳೆಯ ಉದಾಹರಣೆ ಭಾರತೀಯ ಆಹಾರ ನಿಗಮ. ಕೆಲವು ವರ್ಷ ಕೇಂದ್ರ ಆಹಾರ ಸಬ್ಸಿಡಿಯನ್ನು ಪೂರ್ತಿ ಕೊಡದೆ, ನಿಗಮ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯಿಂದ ಸಾಲ ಪಡೆಯುವಂತೆ ಮಾಡಿತ್ತು. 2020–21ರಲ್ಲಿ ಆ ಸಾಲವನ್ನು ಬಜೆಟ್‌ನ ಒಳಗೆ ತಂದಿತು. ಆಹಾರ ಸಬ್ಸಿಡಿ ಒಂದೇ ವರ್ಷದಲ್ಲಿ 1.09 ಲಕ್ಷ ಕೋಟಿಯಿಂದ 5.41 ಲಕ್ಷ ಕೋಟಿಗೆ ಏರಿತು.

ಈಗ ಪಾಲು ನೋಡಿ. 2019–20ರಲ್ಲಿ ಕೇಂದ್ರದ ಖರ್ಚು 26.86 ಲಕ್ಷ ಕೋಟಿ, ಜಿಡಿಪಿಯ ಸುಮಾರು ಶೇ 13.4. ಮರುವರ್ಷ 35.10 ಲಕ್ಷ ಕೋಟಿ, ಸುಮಾರು ಶೇ 17.7. ಇಷ್ಟು ಏರಿಕೆಗೆ ಕೋವಿಡ್‌ನಿಂದ ಜಿಡಿಪಿ ಕುಸಿದದ್ದೇ ಕಾರಣ ಅಂತ ಎಷ್ಟೋ ಕಡೆ ಓದಿದ್ದೇನೆ. ಪರೀಕ್ಷಿಸುವುದು ಸುಲಭ. ಹೊಸ ವರ್ಷದ ಖರ್ಚನ್ನು ಹಿಂದಿನ ವರ್ಷದ ಜಿಡಿಪಿಯಿಂದ ಭಾಗಿಸಿ. ಶೇ 17.5 ಬರುತ್ತದೆ. ಅಂದರೆ ಜಿಡಿಪಿ ಇಳಿದದ್ದರ ಪಾತ್ರ ತೀರಾ ಸಣ್ಣದು. ಏರಿಕೆಯ ಅರ್ಧದಷ್ಟು ಬಂದದ್ದು ಆಹಾರ ಸಬ್ಸಿಡಿಯಿಂದ. ಅದರಲ್ಲಿ ಒಂದು ಭಾಗ ಆ ವರ್ಷ ಹಂಚಿದ ಉಚಿತ ಅಕ್ಕಿ–ಗೋಧಿಗೆ, ಇನ್ನೊಂದು ಭಾಗ ಹಳೇ ಸಾಲಕ್ಕೆ. ಹಳೇ ಸಾಲದ ಆ ಹಣ ನಿಜವಾಗಿ ಖರ್ಚಾದದ್ದು ಹಿಂದಿನ ವರ್ಷಗಳಲ್ಲಿ. ಪಾಲು ಹಠಾತ್ತನೆ ಜಿಗಿದಾಗ ಮೇಲಿನ ಅಂಕಿಯನ್ನೂ ಕೆಳಗಿನ ಅಂಕಿಯನ್ನೂ ಹೀಗೆ ಬೇರೆಬೇರೆಯಾಗಿ ಅಲುಗಾಡಿಸಿ ನೋಡಿ.

ರಾಜ್ಯಗಳಲ್ಲೂ ನಿಗಮಗಳ ಹೆಸರಿನ ಸಾಲ ಇದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯಲ್ಲಿ ‘ಬಜೆಟ್ ಹೊರಗಿನ ಸಾಲ’ ಅನ್ನುವ ಭಾಗ ಹುಡುಕಿ ಓದಿ.

ಐದನೇ ಹೆಜ್ಜೆ: ಹೋಲಿಕೆ

ಫ್ರಾನ್ಸ್‌ನಲ್ಲಿ ಸರ್ಕಾರದ ಖರ್ಚು ಜಿಡಿಪಿಯ ಸುಮಾರು ಶೇ 57. ಅದನ್ನು ನಮ್ಮ ಶೇ 14ರ ಪಕ್ಕ ಇಟ್ಟು ತೀರ್ಮಾನ ಹೇಳಬೇಡಿ. ಆ 57ರಲ್ಲಿ ಅಲ್ಲಿನ ಕೇಂದ್ರ, ಸ್ಥಳೀಯ ಸರ್ಕಾರಗಳು ಮತ್ತು ಸಾಮಾಜಿಕ ಭದ್ರತಾ ನಿಧಿಗಳು ಎಲ್ಲ ಸೇರಿವೆ. ನಮ್ಮ ಕಡೆಯಿಂದ 28–30ನ್ನೇ ಇಡಬೇಕು.

ಇನ್ನೊಂದು ತಪ್ಪು ಅರ್ಥವೂ ಇಲ್ಲಿ ಹುಟ್ಟುತ್ತದೆ. ಶೇ 57 ಅಂದರೆ ದೇಶದ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರವೇ ಮಾಡುತ್ತದೆ ಅಂತಲ್ಲ. ಪಿಂಚಣಿ, ಸಬ್ಸಿಡಿ, ಬಡ್ಡಿ ಇವೆಲ್ಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹಣ. ಅವು ಸರ್ಕಾರದ ಖರ್ಚಿನಲ್ಲಿ ಸೇರುತ್ತವೆ, ಆದರೆ ಜಿಡಿಪಿಯ ಭಾಗವಾಗಿ ಎಣಿಕೆಯಾಗುವುದಿಲ್ಲ. ಜಿಡಿಪಿಯ ಕೋಷ್ಟಕದಲ್ಲಿ ‘ಸರ್ಕಾರದ ಅಂತಿಮ ಬಳಕೆ ವೆಚ್ಚ’ (ಸಂಬಳ, ಸೇವೆಗಳಂಥದ್ದಕ್ಕೆ ಸರ್ಕಾರ ಮಾಡುವ ಖರ್ಚು) ಅನ್ನುವ ಬೇರೆ ಸಾಲೇ ಇದೆ. ನಮ್ಮಲ್ಲಿ ಅದು ಶೇ 10ರ ಆಸುಪಾಸು. 28 ಮತ್ತು 10 ಎರಡೂ ಸರಿ, ಆದರೆ ಅಳೆಯುವುದು ಬೇರೆಬೇರೆ ವಸ್ತುವನ್ನು.

ಐರ್ಲೆಂಡನ್ನು ಹೋಲಿಕೆಗೆ ಬಳಸಬೇಡಿ. ಬಹುರಾಷ್ಟ್ರೀಯ ಕಂಪನಿಗಳು ಲಾಭ ಮತ್ತು ಪೇಟೆಂಟ್‌ಗಳನ್ನು ಅಲ್ಲಿಗೆ ತಂದು ದಾಖಲಿಸುವುದರಿಂದ ಅಲ್ಲಿನ ಜಿಡಿಪಿ ಊದಿಕೊಂಡಿದೆ, ಸರ್ಕಾರದ ಪಾಲು ಕೃತಕವಾಗಿ ಸಣ್ಣದು ಕಾಣುತ್ತದೆ. 2015ರಲ್ಲಿ ಅಲ್ಲಿನ ಜಿಡಿಪಿ ಒಂದೇ ವರ್ಷದಲ್ಲಿ ಶೇ 26ರಷ್ಟು ಬೆಳೆದಿದೆ ಅಂತ ಬಂದ ಮೇಲೆ, ಅಲ್ಲಿನ ಅಂಕಿಅಂಶ ಕಚೇರಿಯೇ ದೇಶದ ನಿಜವಾದ ಆದಾಯ ತೋರಿಸಲು ಬೇರೊಂದು ಅಳತೆ ತಂದಿತು.

ಕೊನೆಯ ಹೆಜ್ಜೆ: ಬರೆಯುವುದು

ಏರಿಳಿತವನ್ನು ಸರಿಯಾಗಿ ಹೇಳಿ. 2024–25ರ ಪರಿಷ್ಕೃತ ಅಂದಾಜಿನಲ್ಲಿ ಕೇಂದ್ರದ ಖರ್ಚು 47.16 ಲಕ್ಷ ಕೋಟಿ, ಆಗಿನ ಅಂದಾಜಿನ ಜಿಡಿಪಿಯ ಶೇ 14.55. ಮರುವರ್ಷಕ್ಕೆ ಖರ್ಚು ಮೂರೂವರೆ ಲಕ್ಷ ಕೋಟಿ ಜಾಸ್ತಿ, ಆದರೆ ಪಾಲು 14.19. ಪಾಲು ಇಳಿಯಿತು ಅಂದರೆ ಖರ್ಚು ಕಡಿತವಾಯಿತು ಅಂತಲ್ಲ, ಖರ್ಚಿಗಿಂತ ಜಿಡಿಪಿ ವೇಗವಾಗಿ ಬೆಳೆಯುತ್ತದೆ ಅಂತ ಅಂದಾಜು ಮಾಡಿದ್ದಾರೆ ಅಂತ ಅರ್ಥ.

ಅಂಕಿಯ ಜೊತೆ ನಾಲ್ಕು ವಿವರ ಇರಲೇಬೇಕು: ಯಾವ ಸರ್ಕಾರ, ಯಾವ ಹಣಕಾಸು ವರ್ಷ, ಬಜೆಟ್ ಅಂದಾಜೋ ಪರಿಷ್ಕೃತವೋ ನಿಜವಾದ ಲೆಕ್ಕವೋ, ಜಿಡಿಪಿ ಯಾವ ತಿಂಗಳ ಪ್ರಕಟಣೆಯದು. ವಾದಕ್ಕೆ ಬಳಸುವುದಾದರೆ ಬಜೆಟ್ ಅಂದಾಜು ಬಿಟ್ಟು, ನಿಜವಾದ ಲೆಕ್ಕ ಬಂದಿರುವ ಹಿಂದಿನ ವರ್ಷವನ್ನೇ ಹಿಡಿಯಿರಿ. ಜಿಡಿಪಿಯ ಮೂಲ ವರ್ಷ ಬದಲಾದರೆ ಹಳೇ ಕೋಷ್ಟಕಕ್ಕೆ ಹೊಸ ಸಾಲು ಅಂಟಿಸಬೇಡಿ. ಎಲ್ಲ ವರ್ಷಗಳ ಪಾಲನ್ನೂ ಹೊಸ ಜಿಡಿಪಿಯಿಂದ ಮತ್ತೆ ಭಾಗಿಸಿ.