ಒಂದು ಬಿಯರ್ ಅಂದ್ರೆ ಎಷ್ಟು ಪೆಗ್? ಲೆಕ್ಕ ಹಾಕೋದು ಹೀಗೆ

'ನಾನು ಎಣ್ಣೆ ಮುಟ್ಟಲ್ಲಪ್ಪ, ಬರೀ ಬಿಯರ್' ಅನ್ನುವವರು ಎಲ್ಲ ಗೆಳೆಯರ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ? ಪಕ್ಕದಲ್ಲಿ ಎರಡು ಸ್ಮಾಲ್ ವಿಸ್ಕಿ ಹಾಕಿದವನನ್ನು ಕುಡುಕ ಅಂತ ಆಡಿಕೊಳ್ಳುತ್ತಲೇ ದೊಡ್ಡ ಸ್ಟ್ರಾಂಗ್ ಬಿಯರ್ ಬಾಟಲಿಯೊಂದನ್ನು ಖಾಲಿ ಮಾಡಿರುತ್ತಾರೆ. ಲೆಕ್ಕ ಹಾಕಿದರೆ ಜಾಸ್ತಿ ಕುಡಿದವರು ಅವರೇ. ಅದೂ ಎರಡು ಪಟ್ಟು.

ಈ ಲೆಕ್ಕದ ಅಳತೆಗೆ 'ಸ್ಟ್ಯಾಂಡರ್ಡ್ ಡ್ರಿಂಕ್' ಅಂತ ಹೆಸರು. ಗ್ಲಾಸು ಯಾವುದೇ ಇರಲಿ, ಒಳಗೆ 10 ಗ್ರಾಂ ಶುದ್ಧ ಆಲ್ಕೋಹಾಲ್ ಇದ್ದರೆ ಒಂದು ಡ್ರಿಂಕ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದು. ಅಮೆರಿಕದಲ್ಲಿ 14 ಗ್ರಾಂ ಹಿಡಿಯುತ್ತಾರೆ, ಬ್ರಿಟನ್ನಿನ ಒಂದು 'ಯೂನಿಟ್' ಅಂದರೆ 8 ಗ್ರಾಂ. ಹಾಗಾಗಿ ಅಲ್ಲಿನ ಲೇಖನ ಓದಿ ಇಲ್ಲಿ ಲೆಕ್ಕ ಹಾಕಬೇಡಿ.

ಮೊದಲು ಲೇಬಲ್ ನೋಡಿ. ಎರಡು ಅಂಕಿ ಬೇಕು: ಎಷ್ಟು ಮಿಲಿ, ಎಷ್ಟು ಪರ್ಸೆಂಟ್. ನಮ್ಮ ವಿಸ್ಕಿ, ರಮ್, ಬ್ರಾಂದಿ ಹೆಚ್ಚಾಗಿ 42.8 ಪರ್ಸೆಂಟ್. ಅಲ್ಲೇ '75 ಪ್ರೂಫ್' ಅಂತಲೂ ಇದ್ದರೆ ಗಾಬರಿಯಾಗಬೇಡಿ, ಅದು ಬ್ರಿಟಿಷರ ಕಾಲದ ಹಳೇ ಅಳತೆ, 75 ಪರ್ಸೆಂಟ್ ಅಲ್ಲ.

ಆಮೇಲೆ ಮಿಲಿಯನ್ನು ಪರ್ಸೆಂಟಿನಿಂದ ಗುಣಿಸಿ 100ರಿಂದ ಭಾಗಿಸಿ. ಬಂದದ್ದನ್ನು 0.79ರಿಂದ ಗುಣಿಸಿ, ಯಾಕಂದ್ರೆ ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಮಿಲಿ ತೂಗುವುದು 0.79 ಗ್ರಾಂ ಅಷ್ಟೇ. ಈಗ ಗ್ರಾಂ ಸಿಕ್ಕಿತು. 10ರಿಂದ ಭಾಗಿಸಿದರೆ ಎಷ್ಟು ಡ್ರಿಂಕ್ ಅಂತ ಗೊತ್ತಾಗುತ್ತದೆ.

30 ಮಿಲಿ ಸ್ಮಾಲ್ ಪೆಗ್ಗಿಗೆ ಹಾಕಿ ನೋಡಿ: 10 ಗ್ರಾಂ ಚಿಲ್ಲರೆ. ಅಂದರೆ ನಮ್ಮ ಸ್ಮಾಲ್ ಪೆಗ್ಗೇ ಒಂದು ಡ್ರಿಂಕ್, ಬೇರೆ ಅಳತೆ ಹುಡುಕೋದೇ ಬೇಡ! ಲಾರ್ಜ್ (60 ಮಿಲಿ) ಎರಡು, ನೈಂಟಿ (90 ಮಿಲಿ) ಮೂರು, ಕ್ವಾರ್ಟರ್ (180 ಮಿಲಿ) ಆರು. ಈಗ ಬಿಯರ್: 650 ಮಿಲಿ ಬಾಟಲಿ, 8 ಪರ್ಸೆಂಟ್ ಸ್ಟ್ರಾಂಗ್ ಆದರೆ 41 ಗ್ರಾಂ, ನಾಲ್ಕು ಸ್ಮಾಲ್ ಪೆಗ್ಗಿಗೆ ಸಮ. 5 ಪರ್ಸೆಂಟಿನದಾದರೆ ಎರಡೂವರೆ. 13 ಪರ್ಸೆಂಟ್ ವೈನ್ 150 ಮಿಲಿ ಗ್ಲಾಸಿಗೆ ಒಂದೂವರೆ. ಸೋಡಾ, ನೀರು, ಐಸ್ ಎಷ್ಟೇ ಸುರಿಯಿರಿ, ಗ್ಲಾಸು ತುಂಬುತ್ತದೆಯೇ ಹೊರತು ಈ ಲೆಕ್ಕ ಬದಲಾಗೋದಿಲ್ಲ.

ಮನೆಯಲ್ಲಿ ತಪ್ಪೋದು ಸುರಿಯುವಾಗ. 'ಒಂದೇ ಪೆಗ್' ಅಂತ ಕಣ್ಣಂದಾಜಿನಲ್ಲಿ ಹಾಕಿದ್ದು ಹೆಚ್ಚಾಗಿ ಲಾರ್ಜನ್ನೂ ದಾಟಿರುತ್ತದೆ. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಮಿಲಿ ಗೆರೆ ಇರುತ್ತಲ್ಲ, ಅದರಲ್ಲಿ ಎರಡು-ಮೂರು ಸಲ ಅಳೆದು ಒಟ್ಟು 30 ಮಿಲಿ ನೀರನ್ನು ನಿಮ್ಮ ದಿನದ ಗ್ಲಾಸಿಗೆ ಹಾಕಿ, ಎಲ್ಲಿಗೆ ಬರುತ್ತದೆ ನೋಡಿ. ಅಗಲವಾದ ಗ್ಲಾಸಾದರೆ ತಳ ಮುಚ್ಚಿದರೆ ಹೆಚ್ಚು. ನನಗಂತೂ ಮೊದಲ ಸಲ ನಂಬಿಕೆಯೇ ಬರಲಿಲ್ಲ, ಮತ್ತೊಮ್ಮೆ ಅಳೆದೆ.

ಒಂದು ಡ್ರಿಂಕ್ ಅಂದರೆ 'ಇಷ್ಟು ಕುಡಿದರೆ ಪರವಾಗಿಲ್ಲ' ಅಂತಲ್ಲ, ಅದು ಸುಮ್ನೆ ಅಳತೆ. ಆರೋಗ್ಯಕ್ಕೆ ಹಾನಿಯೇ ಇಲ್ಲದ ಪ್ರಮಾಣ ಅನ್ನೋದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿಯೇ ಹೇಳಿದೆ. ಗಾಡಿ ಓಡಿಸಬಹುದಾ ಅಂತ ನೋಡೋಕೂ ಇದನ್ನು ಬಳಸಬೇಡಿ. ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಎಷ್ಟಕ್ಕೆ ಅಲ್ಲಿಗೆ ಮುಟ್ಟುತ್ತದೆ ಅನ್ನೋದು ತೂಕ, ಊಟ, ಗಂಡು ಹೆಣ್ಣು ಅಂತ ಒಬ್ಬೊಬ್ಬರಿಗೆ ಒಂದೊಂದು ಥರ. ಲಿವರ್ ಒಂದು ಡ್ರಿಂಕ್ ಕರಗಿಸೋಕೆ ಸುಮಾರು ಒಂದು ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಮಜ್ಜಿಗೆ, ಲಿಂಬೆಹಣ್ಣು, ಕಾಫಿ ಯಾವುದೂ ಅದನ್ನು ಅವಸರ ಮಾಡಿಸೋದಿಲ್ಲ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗ್ಗೆ 5ಕ್ಕೆ ಎದ್ದು ಬೈಕ್ ಹತ್ತಿದರೆ, ಮೈಯಲ್ಲಿ ಎಣ್ಣೆ ಇನ್ನೂ ಉಳಿದಿರಬಹುದು.