ಕೀಲೆಣ್ಣೆ ಮೊದಲು, ಸ್ಪ್ರಿಂಗ್ ಆಮೇಲೆ

ಇಂಗ್ಲೆಂಡಿನ ಡರ್ಬಿಯಿಂದ ಎ6 ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಕ್ರಾಮ್‌ಫರ್ಡ್ ಎಂಬ ಊರು ಸಿಗುತ್ತದೆ. ಅಲ್ಲಿ ಎಡಕ್ಕೆ ಹೊರಳಿದರೆ ವಯಾ ಗೆಲಿಯಾ. ಕಿರಿದಾದ ಕಣಿವೆ, ಎರಡೂ ಬದಿಗೆ ದಟ್ಟ ಮರ, ಬಿಸಿಲು ಬೀಳದ ನೆಲ, ಒಂದರ ಬೆನ್ನಿಗೇ ಇನ್ನೊಂದು ತಿರುವು. ಚಾರ್ಮಾಡಿ ಘಾಟಿ ಇಳಿದವರಿಗೆ ಇದು ಪುಟ್ಟ ರಸ್ತೆಯೇ. ಆದರೆ 1971ರ, ತೆರೆದ ಚಾವಣಿಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ರೋಡ್‌ಸ್ಟರ್‌ನಲ್ಲಿ ಮೊದಲ ಸಲ ಅಲ್ಲಿ ಹೋದಾಗ ನನ್ನ ಅಂಗೈ ಬೆವರಿತ್ತು. ಸ್ಟೀರಿಂಗ್ ತಿರುಗಿಸಿದರೆ ಕಾರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ತಿರುಗುತ್ತಿತ್ತು. ತಿರುವಿನ ನಡುವೆ ಹಿಂಭಾಗ ತಾನಾಗಿಯೇ ಒಂದು ಗೇಣು ಸರಿದಂತಾಗುತ್ತಿತ್ತು. ಪಕ್ಕದಲ್ಲಿದ್ದ ಮಗಳು ಬಾಗಿಲಿನ ಹಿಡಿಯನ್ನು ಬಿಟ್ಟಿರಲಿಲ್ಲ.

ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಕಾರು ಓಲಾಡುತ್ತದೆ ಎಂದರೆ ಸ್ಪ್ರಿಂಗ್ ಮೆತ್ತಗಾಗಿದೆ ಎಂದುಕೊಂಡೆ. ರೋಡ್‌ಸ್ಟರ್‌ನ ಮುಂದಿನ ಸ್ಪ್ರಿಂಗಿನ ಮೂಲ ಬಿಗಿತ ಇಂಚಿಗೆ 348 ಪೌಂಡು, ಅಂದರೆ ಒಂದು ಇಂಚು ಅದುಮಲು ಅಷ್ಟು ಭಾರ ಬೇಕು. ನಾನು 550 ಪೌಂಡಿನ, ಎತ್ತರದಲ್ಲೂ ಗಿಡ್ಡವಾದ ಜೋಡಿಯನ್ನು ತರಿಸಿ ಹಾಕಿದೆ. ಕಾರು ನೋಡಲು ಚೆಂದವಾಯಿತು, ನೆಲಕ್ಕೆ ತಗ್ಗಿ ಕುಳಿತಿತು. ಆದರೆ ಅದೇ ಕಣಿವೆಯಲ್ಲಿ ಪ್ರತಿ ಉಬ್ಬಿಗೂ ಮುಂದಿನ ಚಕ್ರ ನೆಲ ಬಿಟ್ಟು ಹಾರತೊಡಗಿತು. ನೆಲ ಬಿಟ್ಟ ಚಕ್ರಕ್ಕೆ ಹಿಡಿತವೆಲ್ಲಿ? ಮೊದಲಿದ್ದ ಸಡಿಲ ಹಾಗೆಯೇ ಉಳಿದು, ಅದರ ಮೇಲೆ ಕುಲುಕಾಟವೂ ಸೇರಿತು. ಎರಡು ತಿಂಗಳ ನಂತರ ಅವನ್ನು ಬಿಚ್ಚಿ ಹಳೆಯವನ್ನೇ ಹಾಕಿದೆ.

ಆಗ ನೆನಪಾದದ್ದು ಅಜ್ಜನ ಎತ್ತಿನ ಗಾಡಿ. ಗಾಡಿ ಕಿರುಗುಟ್ಟಿದರೆ, ಚಕ್ರ ಅತ್ತಿತ್ತ ಆಡಿದರೆ ಅಜ್ಜ ಮೊದಲು ಮುಟ್ಟುತ್ತಿದ್ದದ್ದು ಕೀಲೆಣ್ಣೆಯ ಡಬ್ಬಿಯನ್ನು, ಆಮೇಲೆ ಅಚ್ಚನ್ನು. ನಾನೂ ಹಾಗೆಯೇ ಮೊದಲಿನಿಂದ ಶುರುಮಾಡಿದೆ. ಹೊಸದೇನನ್ನೂ ಕೊಳ್ಳುವ ಮುನ್ನ ಏನು ಸವೆದಿದೆ ಎಂದು ನೋಡುವುದು.

ಈ ಕಾರಿನ ಮುಂಭಾಗದ ವಿನ್ಯಾಸ ಕಾರಿಗಿಂತಲೂ ಹಳೆಯದು. ಮುಂದೆ ಮಿನಿ ಕಾರಿನಿಂದ ಹೆಸರಾದ ಅಲೆಕ್ ಇಸಿಗೋನಿಸ್, ಜ್ಯಾಕ್ ಡೇನಿಯಲ್ಸ್ ಜೊತೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ರೂಪಿಸಿದ್ದು ಅದು. 1947ರ ಎಂಜಿ ವೈ ಮಾದರಿಯಲ್ಲಿ ಕಾಣಿಸಿಕೊಂಡು, ಎಂಜಿಎ ಮೂಲಕ 1962ರ ಎಂಜಿಬಿಗೆ ಇಳಿದು ಬಂತು. ಕೆಳಗೊಂದು ವಿಶ್‌ಬೋನ್, ಅಂದರೆ ಕವಲೊಡೆದ ತೋಳು, ನಡುವೆ ಸುರುಳಿ ಸ್ಪ್ರಿಂಗ್, ಚಕ್ರ ಎಡಬಲಕ್ಕೆ ಹೊರಳಲು ನಿಂತ ಕೀಲಾದ ಕಿಂಗ್‌ಪಿನ್. ಮೇಲಿನ ತೋಳಾಗಿ ಕೆಲಸ ಮಾಡುವುದು ಲಿವರ್ ಆರ್ಮ್ ಡ್ಯಾಂಪರಿನ, ಅಂದರೆ ಸ್ಪ್ರಿಂಗಿನ ಕುಲುಕಾಟ ತಡೆಯುವ ಎಣ್ಣೆ ತುಂಬಿದ ಪೆಟ್ಟಿಗೆಯ, ತೋಳೇ. ಇಷ್ಟು ತಿಳಿದರೆ ರೋಗದ ಅರ್ಧ ಮೂಲ ಸಿಕ್ಕಂತೆ. ಆ ಡ್ಯಾಂಪರಿನ ಶಾಫ್ಟ್ ಸವೆದರೆ ಕುಲುಕಾಟ ಹೆಚ್ಚುವುದಷ್ಟೇ ಅಲ್ಲ, ಚಕ್ರದ ವಾಲುಕೋನವೇ ಅಲುಗಾಡುತ್ತದೆ.

ಕಿಂಗ್‌ಪಿನ್ ಪರೀಕ್ಷೆಗೆ ಇನ್ನೊಬ್ಬರ ಕಾಲು ಬೇಕು. ಕಾರನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರದ ತಲೆ ಮತ್ತು ಬುಡ ಹಿಡಿದು ಅಲುಗಿಸಿದೆ. ಟಕ್ ಎಂದಿತು. ಅದು ಚಕ್ರದ ಬೇರಿಂಗೋ ಕಿಂಗ್‌ಪಿನ್ನೋ? ಮಗಳನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿದೆ. ಬ್ರೇಕ್ ಹಿಡಿದಾಗ ಚಕ್ರದ ಗುಂಬವಾದ ಹಬ್ಬು ಮತ್ತು ಅದು ಕೂರುವ ಗಿಡ್ಡ ಅಚ್ಚಾದ ಸ್ಟಬ್ ಆಕ್ಸಲ್ ಒಂದೇ ತುಂಡಿನಂತಾಗುತ್ತವೆ. ಹಾಗಾಗಿ ಸದ್ದು ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್‌ಪಿನ್ನು. "ಅಪ್ಪ, ಇನ್ನೂ ಎಷ್ಟು ಹೊತ್ತು ಒತ್ತಿಕೊಂಡಿರಬೇಕು?" ಎಂದಳು. ಸದ್ದು ನಿಲ್ಲಲಿಲ್ಲ. ಗ್ರೀಸ್ ನಿಪ್ಪಲ್‌ಗಳು ಒಂದೊಂದು ಬದಿಗೆ ಮೂರಿವೆ. ಬಲಬದಿಯ ಕೆಳಗಿನದಕ್ಕೆ ಗನ್ ಹಚ್ಚಿ ಎಷ್ಟು ಒತ್ತಿದರೂ ಗ್ರೀಸ್ ಒಳಗೆ ಇಳಿಯಲಿಲ್ಲ. ವರ್ಷಗಟ್ಟಲೆ ಯಾರೂ ಆ ಕೀಲಿಗೆ ಎಣ್ಣೆ ತೋರಿಸಿರಲಿಲ್ಲ.

ಬಿಚ್ಚುವ ದಿನ ಇಡೀ ಶನಿವಾರ ಹೋಯಿತು. ಸ್ಪ್ರಿಂಗ್ ಒಳಗೆ ಅದುಮಿಟ್ಟಿರುವ ಬಲವನ್ನು ಹಗುರಾಗಿ ಕಾಣಬಾರದು. ಸ್ಪ್ರಿಂಗ್ ಕೂರುವ ತಟ್ಟೆಯ ಕೆಳಗೆ ಗಟ್ಟಿಯಾದ ಟ್ರಾಲಿ ಜಾಕ್ ಇಟ್ಟು, ಅದರ ಮೇಲೆ ಭಾರ ಬಂದಿದೆ ಎಂದು ಖಾತ್ರಿಯಾದ ಮೇಲೆ, ಕಿಂಗ್‌ಪಿನ್ನಿನ ತಲೆಯನ್ನು ಡ್ಯಾಂಪರಿನ ತೋಳಿಗೆ ಸೇರಿಸುವ ಟ್ರನಿಯನ್ ಬೋಲ್ಟ್ ತೆಗೆದು, ಜಾಕನ್ನು ಕೂದಲೆಳೆಯಷ್ಟೇ ಇಳಿಸುತ್ತ ಬಂದೆ. ಸ್ಪ್ರಿಂಗ್ ನಿಧಾನವಾಗಿ ಉಸಿರು ಬಿಟ್ಟಂತೆ ಸಡಿಲವಾಯಿತು. ಆ ಹೊತ್ತು ಮುಖವನ್ನು ಅದರ ಎದುರಿಗೆ ಇಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಮುಂದಿನದು ಕಿಂಗ್‌ಪಿನ್ನಿನ ಬುಡವನ್ನು ವಿಶ್‌ಬೋನಿಗೆ ಸೇರಿಸುವ ಕೆಳಗಿನ ಫಲ್ಕ್ರಂ ಬೋಲ್ಟ್. ಈ ಕಾರಿನವರೆಲ್ಲ ಇದಕ್ಕೆ ಹೆದರುತ್ತಾರೆ, ಹೆದರಬೇಕಾದದ್ದೇ. ಬೋಲ್ಟು ಹಾದುಹೋಗುವ ಉಕ್ಕಿನ ಕೊಳವೆಯ ಜೊತೆಗೇ ತುಕ್ಕು ಹಿಡಿದು ಒಂದಾಗಿಬಿಡುತ್ತದೆ. ನಟ್ಟು ಬಂತು, ಸ್ಪ್ಲಿಟ್ ಪಿನ್ ಬಂತು, ಬೋಲ್ಟು ಮಾತ್ರ ಕದಲಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸುರಿದು, ಊಟ ಮಾಡಿ ಬಂದು, ಮತ್ತೆ ಸುರಿದು, ಸುತ್ತಿಗೆಯಿಂದ ತಟ್ಟಿದೆ. ಬೋಲ್ಟಿನ ತುದಿ ಅಣಬೆಯಂತೆ ಹರಡಿತೇ ಹೊರತು ಜಾಗ ಬಿಡಲಿಲ್ಲ. ಕೊನೆಗೆ ವಿಶ್‌ಬೋನ್ ತೋಳಿಗೂ ಕಿಂಗ್‌ಪಿನ್ನಿನ ಬುಡಕ್ಕೂ ನಡುವಿನ ಸಂದಿಯಲ್ಲಿ ಗರಗಸದ ಅಲಗು ತೂರಿಸಿ ಎರಡೂ ಕಡೆ ಕತ್ತರಿಸಬೇಕಾಯಿತು. ಹೊರಬಂದ ತುಂಡನ್ನು ಬೆಳಕಿಗೆ ಹಿಡಿದೆ. ಒಂದು ಬದಿ ಮಾತ್ರ ಸವೆದು ಹೊಳೆಯುತ್ತಿತ್ತು, ಇನ್ನೊಂದು ಬದಿ ಕಂದು ಪುಡಿ. ವಿಶ್‌ಬೋನಿನ ಒಳತುದಿಯ ಕೀಲುಗಳಿಗೆ ಮೆತ್ತೆಯಾಗಿದ್ದ ರಬ್ಬರ್ ಬುಷ್‌ಗಳೋ, ಬೆರಳಿನಲ್ಲಿ ಹಿಸುಕಿದರೆ ಹಳೆಯ ಬೆಲ್ಲದಂತೆ ಉದುರಿದವು. ತಿರುಗಿಸಿದ ಮೇಲೆ ಕಾರು ಏಕೆ ಒಂದು ಕ್ಷಣ ಯೋಚಿಸುತ್ತಿತ್ತು ಎಂಬುದಕ್ಕೆ ಬೇರೆ ಉತ್ತರ ಬೇಕಿರಲಿಲ್ಲ.

ಕಿಂಗ್‌ಪಿನ್ ಬುಷ್‌ಗಳನ್ನು ಕೂರಿಸಿದ ಮೇಲೆ ರಂಧ್ರ ಸವರುವ ಹತಾರವಾದ ರೀಮರ್ ಹಾಕಿ ನಿಖರ ಅಳತೆಗೆ ತರಬೇಕು. ಅದು ಮನೆಯ ಶೆಡ್ಡಿನ ಕೆಲಸವಲ್ಲ, ಹಳೆಯದನ್ನು ಕೊಟ್ಟು ದುರಸ್ತಿಯಾದ ಜೋಡಿ ತಂದೆ. ವಿಶ್‌ಬೋನಿನ ಒಳತುದಿಗೆ ನಾನು ಆರಿಸಿದ್ದು ವಿ8 ಬುಷ್. 1973ರಿಂದ 1976ರವರೆಗೆ ಬರಿಯ 2,591 ಕಾರುಗಳಷ್ಟೇ ತಯಾರಾದ ಎಂಜಿಬಿ ಜಿಟಿ ವಿ8ಗೆ ಮಾಡಿದ್ದು ಅದು. ಮೂಲದಲ್ಲಿ ಎರಡೆರಡು ಅರ್ಧ ತುಂಡುಗಳಂತೆ ಎಂಟು ಬೇಕಿದ್ದಲ್ಲಿ ಉಕ್ಕಿನ ಕೊಳವೆ ಸೇರಿದ ನಾಲ್ಕು ಇಡೀ ಬುಷ್ ಸಾಕು. ಪಾಲಿಯುರೆಥೇನ್ ಹಾಕಿ ಎಂದು ಹಲವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅದು ಗಟ್ಟಿ, ಒಣಗಿದರೆ ಕಿರುಗುಟ್ಟುತ್ತದೆ. ಒಳ್ಳೆಯ ರಬ್ಬರು ರಸ್ತೆಯ ಸಣ್ಣ ನಡುಕವನ್ನು ನುಂಗಿ, ಬೇಕಾದ ಸುದ್ದಿಯನ್ನಷ್ಟೇ ಕೈಗೆ ಕಳಿಸುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ರಬ್ಬರ್ ಬುಷ್ ಇರುವ ಯಾವ ಬೋಲ್ಟನ್ನೂ ಚಕ್ರ ಜೋತಾಡುತ್ತಿರುವಾಗ ಕೊನೆಯ ಬಿಗಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಎಡಬದಿಯನ್ನು ನಾನು ಆತುರದಲ್ಲಿ ಗಾಳಿಯಲ್ಲೇ ಬಿಗಿದುಬಿಟ್ಟಿದ್ದೆ. ಮರುದಿನ ಎಲ್ಲವನ್ನೂ ಸಡಿಲಿಸಿ, ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಮೂತಿಯನ್ನು ನಾಲ್ಕಾರು ಸಲ ಅದುಮಿ, ಚಕ್ರದ ಮೇಲೆ ಭಾರ ಇದ್ದಂತೆಯೇ ಮತ್ತೆ ಬಿಗಿದೆ.

ಡ್ಯಾಂಪರುಗಳನ್ನು ಕಳಚಿ ಬೆಂಚಿನ ಹಿಡಿಕೆಯಲ್ಲಿ ಸಿಕ್ಕಿಸಿ ತೋಳನ್ನು ಮೇಲೆ ಕೆಳಗೆ ಎಳೆದು ನೋಡಿದೆ. ಜೇನಿನಲ್ಲಿ ಸೌಟು ಆಡಿಸಿದಂತೆ ಎಲ್ಲೆಡೆ ಒಂದೇ ಸಮನಾದ ತಡೆ ಇರಬೇಕು. ಬಲಮುಂದಿನದು ನಡುವೆ ಎರಡು ಬೆರಳಿನಷ್ಟು ಸುಮ್ಮನೆ ಜಾರುತ್ತಿತ್ತು, ಶಾಫ್ಟಿನ ಸುತ್ತ ಎಣ್ಣೆ ಒಸರಿತ್ತು. ಶಾಫ್ಟ್ ಬುಷ್ ಹೊಸದಾಗಿ ಕೂರಿಸಿ ದುರಸ್ತಿ ಮಾಡಿದವನ್ನೇ ತಂದೆ. ಬಣ್ಣ ಬಳಿದು ಎಣ್ಣೆ ತುಂಬಿದ್ದಷ್ಟೇ ಆದರೆ ಪ್ರಯೋಜನವಿಲ್ಲ. ಈಗಿನ ಕಾರುಗಳಲ್ಲಿರುವಂಥ ಕೊಳವೆಯಾಕಾರದ ಟೆಲಿಸ್ಕೋಪಿಕ್ ಡ್ಯಾಂಪರಿಗೆ ಬದಲಿಸುವ ಕಿಟ್‌ಗಳೂ ಇವೆ. ನಾನು ಹೋಗಲಿಲ್ಲ. ಸ್ವಸ್ಥವಾಗಿರುವ ಲಿವರ್ ಆರ್ಮ್ ನನ್ನ ವೇಗಕ್ಕೆ ಧಾರಾಳ. ಇನ್ನೊಂದು ಕಾರಣವೂ ಇದೆ. 2018ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರುಗಳಿಗೆ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ, ಆದರೆ ಸಸ್ಪೆನ್ಷನ್ನಿನ ಬಗೆಯನ್ನೇ ಬದಲಿಸಿದರೆ ಅದು ಗಣನೀಯ ಬದಲಾವಣೆ ಎನಿಸಿ ವಿನಾಯಿತಿ ಕೈತಪ್ಪಬಹುದು. ವಿನಾಯಿತಿ ಇದ್ದರೂ ನಾನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ಯುತ್ತೇನೆ. ಇನ್ನೊಂದು ಜೋಡಿ ಕಣ್ಣು ನೋಡಲಿ.

ಹಿಂಭಾಗ ಸರಳ. ಗಟ್ಟಿ ಅಚ್ಚು, ಎರಡು ಕಮಾನು ಪಟ್ಟಿ. ಪಟ್ಟಿಯ ಕಣ್ಣಿನಲ್ಲಿರುವ ಬುಷ್ ಸವೆದರೆ ಅಚ್ಚಿನ ಒಂದು ತುದಿ ಹಿಂದೆ ಮುಂದೆ ಸರಿಯುತ್ತದೆ. ಅಂದರೆ ಹಿಂದಿನ ಚಕ್ರಗಳೂ ಸ್ಟೀರಿಂಗ್ ತಿರುಗಿಸಿದಂತೆ ವರ್ತಿಸುತ್ತವೆ. ನನ್ನ ಕಾರು ಸರಿಯುತ್ತಿದ್ದದ್ದು ಇದರಿಂದಲೇ. ಹಬ್ಬಿನ ನಡುವಿನಿಂದ ಚಕ್ರದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರೆ ಚಾಲಕನ ಬದಿ ಮುಕ್ಕಾಲು ಇಂಚು ಕುಸಿದಿತ್ತು. ಮೂಲ ಬಿಗಿತದ ಹೊಸ ಪಟ್ಟಿಗಳನ್ನೇ ಜೋಡಿಯಾಗಿ ಹಾಕಿ, ಬುಷ್, ಪಟ್ಟಿಯ ತುದಿ ಹಿಡಿಯುವ ಶ್ಯಾಕಲ್ ಎಲ್ಲ ಬದಲಿಸಿದೆ.

ಟೈರ್ ಬಗ್ಗೆ ನಾನು ಮೋಸಹೋದದ್ದು ಕಣ್ಣಿನಿಂದ. ಗೀರುಗಳು ಆಳವಾಗಿದ್ದವು, ಆದರೆ ಪಕ್ಕೆಯ ಮೇಲೆ 2309 ಎಂದಿತ್ತು: 2009ರ ಇಪ್ಪತ್ತಮೂರನೆಯ ವಾರ. ಉಗುರು ಊರಿದರೆ ಗುರುತು ಬೀಳದಷ್ಟು ಗಟ್ಟಿ. ಮೇಲಾಗಿ ಯಾವುದೋ ಅಂಗಡಿಯವರು ಈಗಿನ ಕಾರಿಗೆ ತುಂಬುವಂತೆ ನಾಲ್ಕಕ್ಕೂ 32 ಪೌಂಡು ಗಾಳಿ ತುಂಬಿದ್ದರು. ಕೈಪಿಡಿ ಹೇಳುವುದು ಮುಂದೆ 21, ಹಿಂದೆ 24. ಹೊಸ 165 ಮಿಲಿಮೀಟರ್ ಅಗಲದ ಟೈರು, ಸರಿಯಾದ ಗಾಳಿ. ಇದೊಂದರಿಂದಲೇ ಒದ್ದೆ ರಸ್ತೆಯಲ್ಲಿ ಕಾರಿನ ಸ್ವಭಾವ ಬದಲಾಯಿತು.

ಇಷ್ಟೆಲ್ಲ ಮುಗಿದ ಮೇಲೆ ನಾನು ನಿಜವಾಗಿ ಸೇರಿಸಿದ್ದು ಒಂದೇ ಒಂದು: ಮುಂದಿನ ಆಂಟಿ ರೋಲ್ ಬಾರ್, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಅಡ್ಡ ಸರಳು. ಇದ್ದದ್ದು 9/16 ಇಂಚಿನದು, ಹಾಕಿದ್ದು 5/8 ಇಂಚಿನದು. ಅಷ್ಟಕ್ಕೆ ಏನಾಗುತ್ತದೆ ಎನಿಸಬಹುದು. ಸರಳಿನ ಬಿಗಿತ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ, ಈ ಸಣ್ಣ ವ್ಯತ್ಯಾಸವೇ ಒಂದೂವರೆ ಪಟ್ಟು. ಮುಕ್ಕಾಲು ಇಂಚಿನದಾದರೆ ಮೂರು ಪಟ್ಟು ದಾಟುತ್ತದೆ. ಮೆತ್ತನೆಯ ಸ್ಪ್ರಿಂಗ್ ಇಟ್ಟುಕೊಂಡು ಓಲಾಟವನ್ನಷ್ಟೇ ತಗ್ಗಿಸುವ ದಾರಿ ಇದು. ಕೊನೆಗೆ ಎರಡೂ ಬದಿಗೆ ದಾರ ಕಟ್ಟಿ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ಮುಖಮಾಡಿವೆ ಎಂಬುದನ್ನು, ಅಳೆದೆ. ದಾರದ ಒಂದು ತುದಿಯನ್ನು ಮಗಳು ಹಿಡಿದಿದ್ದಳು. 1/16 ಇಂಚು ಒಳಮುಖಕ್ಕೆ ತರಲು, ಸ್ಟೀರಿಂಗಿನಿಂದ ಚಕ್ರವನ್ನು ತಿರುಗಿಸುವ ಟ್ರ್ಯಾಕ್ ರಾಡ್‌ಗಳನ್ನು ಕಾಲು ಸುತ್ತು, ಅರ್ಧ ಸುತ್ತು ಎಂದು ಸಂಜೆಯವರೆಗೆ ತಿರುಗಿಸಿದೆವು.

ಅಕ್ಟೋಬರಿನ ಒಂದು ಒದ್ದೆ ಬೆಳಗ್ಗೆ ಮತ್ತೆ ವಯಾ ಗೆಲಿಯಾಕ್ಕೆ ಹೋದೆವು. ಮೂರನೆಯ ತಿರುವಿನ ನಡುವೆ ತೇಪೆ ಹಾಕಿದ ಒಂದು ಉಬ್ಬಿದೆ, ಹಿಂದೆ ಕಾರು ಅಲ್ಲಿಂದಲೇ ಪಕ್ಕಕ್ಕೆ ಹಾರುತ್ತಿತ್ತು. ಈ ಸಲ ಧಪ್ ಎಂದು ಒಂದೇ ಸದ್ದು. ಮೂತಿ ನಾನು ತೋರಿಸಿದ ಕಡೆಗೇ ಹೋಯಿತು, ಹಿಂಭಾಗ ಅದನ್ನೇ ಹಿಂಬಾಲಿಸಿತು. ಪಕ್ಕಕ್ಕೆ ನೋಡಿದೆ. ಮಗಳು ಎರಡೂ ಕೈಯಲ್ಲಿ ಕಿತ್ತಳೆ ಸುಲಿಯುತ್ತ ಕುಳಿತಿದ್ದಳು.